ಖಂಡೇಪೂಜೆಯ ದಿನ ಬಿಚ್ಚಿದ ಟ್ಯಾಪೆಟ್ ಕವರ್

ಆ ಕವರಿನ ಬಣ್ಣ ಹಸಿರಾಗಿತ್ತು ಎಂದು ನಾನು ಹೇಳುತ್ತೇನೆ. ಬೆಳ್ಳಿಬಣ್ಣ ಎಂದು ತಂಗಿ ಹೇಳುತ್ತಾಳೆ. ಅಣ್ಣನಂತೂ ಬದುಕಿರುವ ತನಕ, ಅದಕ್ಕೆ ಬಣ್ಣವನ್ನೇ ಹಚ್ಚಿರಲಿಲ್ಲ, ಬರೀ ಉಜ್ಜಿ ಕೂಡಿಸಿದ್ದೆವು ಎನ್ನುತ್ತಿದ್ದ. ಹಾಗೆ ಹೇಳಿ ನನ್ನನ್ನು ರೇಗಿಸುತ್ತಿದ್ದನೋ, ನಿಜವಾಗಿಯೂ ಅವನಿಗೆ ಹಾಗೇ ನೆನಪಿತ್ತೋ ನನಗೆ ಕೊನೆಗೂ ತಿಳಿಯಲಿಲ್ಲ. ಅದು ಇದ್ದ ನಮ್ಮ ಹಳೆಯ ಕಾರಿನ ಒಂದೇ ಒಂದು ಫೋಟೋ ನನ್ನ ಹತ್ತಿರ ಇದೆ. ಕಪ್ಪು ಬಿಳುಪಿನದು. ಅದರಲ್ಲಿ ಬಾನೆಟ್ ಮುಚ್ಚಿದೆ.

ವರ್ಷವೂ ಖಚಿತವಿಲ್ಲ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು ಎನ್ನಬಲ್ಲೆ. ಪೆಟ್ರೋಲು ಒಮ್ಮೆಲೇ ತುಟ್ಟಿಯಾಗುವ ಮುಂಚಿನ ಮಾತು, ಏಕೆಂದರೆ ಮುಂಬಯಿಯಿಂದ ಪುಣೆಗೆ ಸ್ವಂತ ಕಾರಿನಲ್ಲಿ ಹೋಗುತ್ತೇವೆ ಎಂದರೆ ಜನ ಇನ್ನೂ ನಗುತ್ತಿರಲಿಲ್ಲ. ನಾವು ಮಲಾಡಿನಲ್ಲಿ ಎರಡನೇ ಮಾಳಿಗೆಯ ಮನೆಯಲ್ಲಿದ್ದೆವು: ಅವ್ವ, ಅಣ್ಣ, ನಾನು. ಅಣ್ಣನಿಗಾಗಲಿ ನನಗಾಗಲಿ ಇನ್ನೂ ಮದುವೆಯಾಗಿರಲಿಲ್ಲ. ಅಣ್ಣ ಕುರ್ಲಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಕಾರ್ಖಾನೆಯ ಮಾಲೀಕ ಹೊಸ ಕಾರು ತಗೊಂಡಾಗ ಹಳೆಯದನ್ನು ಇವನಿಗೆ ಕೊಟ್ಟಿದ್ದ. ನಾನು ಧಾರವಾಡದಲ್ಲಿ ಫಿಜಿಕ್ಸ್ ಎಮ್ಮೆಸ್ಸಿ ಮುಗಿಸಿ ಬಂದು ಇಲ್ಲಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ತಂಗಿ ಪುಣೆಗೆ ಕೊಟ್ಟವಳು, ಬಾಣಂತನಕ್ಕೆ ಬಂದಿದ್ದಳು. ಕೂಸು ಆಗಲೇ ಮಗ್ಗಲು ಹೊರಳುತ್ತಿತ್ತು. ವಿಜಯದಶಮಿಯ ದಿನ ಸೊಸೆಯನ್ನೂ ಕೂಸನ್ನೂ ಕಳಿಸಿಕೊಡಿ ಎಂದು ಅವಳ ಅತ್ತೆಯ ಮನೆಯಿಂದ ಹೇಳಿ ಕಳಿಸಿದ್ದರು. ಅವ್ವ ಕೊಡಬೇಕೆಂದು ಮಾಡಿಸಿದ್ದ ತೊಟ್ಟಿಲನ್ನು ರೈಲಿನಲ್ಲಿ ಒಯ್ಯುವುದು ಆಗದ ಮಾತು. ಹೀಗಾಗಿ ಕಾರು.

ಇಷ್ಟೇ ಆಗಿದ್ದರೆ ಕಾರಿನ ಮೈ ತೊಳೆದು ಹೊರಟುಬಿಡುತ್ತಿದ್ದೆವು. ಆದರೆ ತಂಗಿಯ ಮಾವನವರು, ಅಂದರೆ ನಮ್ಮ ಬೀಗರು, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು. ಅವರಿಗೊಂದು ಚಟವಿತ್ತು. ಮನೆಯ ಮುಂದೆ ಯಾರದೇ ಕಾರು ಬಂದು ನಿಲ್ಲಲಿ, ಬಂದವರು ಚಪ್ಪಲಿ ಬಿಡುವ ಮೊದಲೇ ಬಾನೆಟ್ ಎತ್ತಿಸಿ ಒಳಗೆ ನೋಡುತ್ತಿದ್ದರು. ತಂಗಿಯ ಮದುವೆಯಲ್ಲಿ ದೂರದ ನೆಂಟರೊಬ್ಬರ ಕಾರಿನ ಬಾನೆಟ್ ಎತ್ತಿ, ಎಣ್ಣೆಯ ಜಿಡ್ಡಿನ ಮೇಲೆ ಬೆರಳು ಎಳೆದು, ಆ ಬೆರಳನ್ನು ಊಟದ ಪಂಕ್ತಿಯವರಿಗೆಲ್ಲ ತೋರಿಸಿದ್ದರು. ಅಣ್ಣ ಅದನ್ನು ಮರೆತಿರಲಿಲ್ಲ.

"ಮೈ ಎಷ್ಟ ತೊಳದರೂ ಅಷ್ಟ. ಆ ಮುದುಕ ಮೊದಲ ಬಾನೆಟ್ ಎತ್ತತಾನ," ಎಂದ. "ಟ್ಯಾಪೆಟ್ ಕವರ್ ಬಿಚ್ಚಿ ಬಣ್ಣ ಹಚ್ಚಿಬಿಡು. ಕಣ್ಣಿಗೆ ಬೀಳೂದು ಅದs."

ಇಂಜಿನ್ನಿನ ನೆತ್ತಿಯ ಮೇಲೆ ಮುಚ್ಚಳದ ಹಾಗೆ ಕೂತಿರುವ, ಬ್ರೆಡ್ಡಿನ ಡಬ್ಬಿಯಂಥ ತಗಡಿನ ಪೆಟ್ಟಿಗೆಗೆ ಮುಂಬಯಿಯ ಮೆಕ್ಯಾನಿಕ್ಕರು ಟ್ಯಾಪೆಟ್ ಕವರ್ ಎನ್ನುತ್ತಿದ್ದರು. ಅದರ ಕೆಳಗೆ ವಾಲ್ವುಗಳನ್ನು ಒತ್ತುವ ಸಣ್ಣ ಸಣ್ಣ ಉಕ್ಕಿನ ತೋಳುಗಳು ಎಣ್ಣೆಯಲ್ಲಿ ತೊಯ್ದು ಸಾಲಾಗಿ ಕೂತಿರುತ್ತವೆ.

"ನಾ ಯಾಕ? ಗಾಡಿ ನಿನ್ನದು," ಎಂದೆ.

"ನೀ ಎಮ್ಮೆಸ್ಸಿ ಮಾಡೀದಿ. ಎರಡು ನಟ್ಟು ಬಿಚ್ಚೂದು ಏನ ದೊಡ್ಡದು?"

"ಎಮ್ಮೆಸ್ಸಿಯೊಳಗ ನಟ್ಟು ಬಿಚ್ಚೂದು ಕಲಸೂದಿಲ್ಲ."

"ಮತ್ತೇನ ಕಲಸತಾರ ಅಲ್ಲೆ?"

ನಟ್ಟು ತಿರುಗಿಸುವ ಪಾನಾ ಹುಡುಕಿ ತಂದೆ. ಬಿಚ್ಚಿದೆ.

ನಟ್ಟು ಸುಲಭವಾಗಿ ಬಂದವು, ಕವರ್ ಬರಲಿಲ್ಲ. ಇಂಜಿನ್ನಿಗೂ ಕವರಿಗೂ ನಡುವೆ ಎಣ್ಣೆ ಸೋರದಂತೆ ಕಾರ್ಕಿನ ಪಟ್ಟಿಯೊಂದನ್ನು ಕೂಡಿಸಿರುತ್ತಾರೆ, ಪ್ಯಾಕಿಂಗ್ ಎನ್ನುತ್ತಾರೆ. ಅದು ಎಷ್ಟೋ ವರ್ಷದ ಕಾವಿಗೆ ಕಲ್ಲಾಗಿ ಎರಡಕ್ಕೂ ಅಂಟಿಕೊಂಡಿತ್ತು. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಕಾರ್ಕು ಚೂರುಚೂರಾಗಿ ಬಂತು. ಅಣ್ಣ ಕುರ್ಲಾದಿಂದ ಒಂದೇ ಒಂದು ಹೊಸ ಪ್ಯಾಕಿಂಗ್ ತಂದಿಟ್ಟಿದ್ದ. ಒಂದೇ ಯಾಕೆ ತಂದೆ ಎಂದು ನಾನು ಕೇಳಲಿಲ್ಲ, ಆಗ ಒಂದು ಸಾಕೆನಿಸಿತ್ತು.

ತೆರೆದುಕೊಂಡ ಇಂಜಿನ್ನಿನೊಳಗೆ ಕಾಂಪೌಂಡಿನ ಧೂಳು ಬೀಳಬಾರದೆಂದು ಅದರ ಮೇಲೆ ಒಂದು ಅರಿವೆ ಹೊದಿಸಿದೆ. ಈ ಅರಿವೆಯದೇ ಮುಂದಿನ ತಾಪತ್ರಯವೆಲ್ಲ. ಅವ್ವ ತನ್ನದೊಂದು ಹಳೆಯ ಇಳಕಲ್ ಸೀರೆಯನ್ನು ಕೂಸಿನ ಲಂಗೋಟಿಗೆಂದು ತುಂಡು ತುಂಡಾಗಿ ಹರಿದಿದ್ದಳು. ಅದರಲ್ಲಿ ಒಂದು ತುಂಡನ್ನು ಬಾಲ್ಕನಿಯ ಹಗ್ಗದಿಂದ ಎಳೆದುಕೊಂಡು ಬಂದಿದ್ದೆ.

ಕವರಿಗೆ ಬಣ್ಣ ಹಚ್ಚುವುದು ಅರ್ಧ ದಿನದ ಕೆಲಸ ಎಂದುಕೊಂಡಿದ್ದೆ. ಹಳೆಯ ಜಿಡ್ಡು ಸೀಮೆಎಣ್ಣೆಗೆ ಹೋಗಲಿಲ್ಲ. ಅವ್ವನ ಬಟ್ಟೆ ಒಗೆಯುವ ಸೋಡಾ ಹಾಕಿ ಕುದಿನೀರು ಸುರಿದಾಗ ಹೋಯಿತು, ಜೊತೆಗೆ ನನ್ನ ಬೆರಳ ತುದಿಯ ಚರ್ಮವೂ ಹೋಯಿತು. ಎಮರಿ ಪೇಪರಿನಿಂದ ತಿಕ್ಕಿ ಮೊದಲ ಕೋಟು ಹಚ್ಚಿ ಬಿಲ್ಡಿಂಗಿನ ಮೇಲಿನ ಗಚ್ಚಿಯಲ್ಲಿ ಹಳೆಯ ಪೇಪರು ಹಾಸಿ ಒಣಗಲು ಇಟ್ಟೆ. ಅಕ್ಟೋಬರಿನ ಬಿಸಿಲು, ಬೇಗ ಒಣಗೀತು ಅಂದುಕೊಂಡೆ. ಮೇಲೆ ಹೋಗಿ ನೋಡಿದರೆ ಪಾರಿವಾಳವೊಂದು ಅದರ ಈ ತುದಿಯಿಂದ ಆ ತುದಿಗೆ ನಡೆದುಹೋಗಿತ್ತು. ಹೆಜ್ಜೆಗಳು ಅಚ್ಚೊತ್ತಿದ ಹಾಗೆ ಮೂಡಿದ್ದವು. ಮತ್ತೆ ತಿಕ್ಕಿ ಮತ್ತೆ ಹಚ್ಚಿದೆ. ಈ ಸಲ ಪೇಪರು ಕೆಳ ಅಂಚಿಗೆ ಅಂಟಿಕೊಂಡಿತು. ಬ್ಲೇಡಿನಿಂದ ಕೆರೆದು ಮೂರನೆಯ ಸಲ ಹಚ್ಚಿದೆ. ಅಣ್ಣ ಬಂದು ನೋಡಿ, "ಇಲ್ಲೆ ಬ್ರಶ್ಶಿನ ಕೂದಲ ಅಂಟೇದ ನೋಡು," ಎಂದ. ಬಣ್ಣದ ಡಬ್ಬಿಯನ್ನು ಅವನ ಕೈಗೆ ಕೊಟ್ಟೆ. ನೀನೇ ಹಚ್ಚು ಎಂದೆ. ತನಗೆ ಬಣ್ಣದ ವಾಸನೆಗೆ ತಲೆನೋಯುತ್ತದೆ ಎಂದು ಡಬ್ಬಿಯನ್ನು ಅಲ್ಲೇ ಇಟ್ಟು ಇಳಿದುಹೋದ.

ಕವರ್ ಮತ್ತೆ ಕೂಡಿಸಿದ್ದು ಖಂಡೇಪೂಜೆಯ ಮುಂಜಾನೆ. ಪೂಜೆಯ ಹೊತ್ತಿಗೆ ಗಾಡಿ ಅರೆಬರೆ ಇರಬಾರದು ಎಂದು ಅವ್ವ ಬಾಲ್ಕನಿಯಿಂದ ಕೂಗುತ್ತಿದ್ದಳು. ಅಣ್ಣ ಪಕ್ಕದಲ್ಲಿ ನಿಂತು ಅವಸರ ಮಾಡುತ್ತಿದ್ದ. ಹೊಸ ಪ್ಯಾಕಿಂಗಿಗೆ ಎರಡೂ ಬದಿಗೆ ಅರಗಿನಂಥ ಅಂಟು ಹಚ್ಚಿ, ಕವರ್ ಇಟ್ಟು, ನಟ್ಟು ಬಿಗಿದು, ಸಾಮಾನುಗಳನ್ನೆಲ್ಲ ಡಬ್ಬಿಗೆ ತುಂಬಿ ಅವ್ವನಿಗೆ ಒಪ್ಪಿಸಿದೆ. ಅಂಟು ಆರಲಿ ಎಂದು ಇಂಜಿನ್ ಚಾಲೂ ಮಾಡಲಿಲ್ಲ.

ಖಂಡೇಪೂಜೆ ಎಂದರೆ ನಮ್ಮ ಕಡೆ ಬರೀ ಕತ್ತಿ ಕುಡುಗೋಲಿನ ಪೂಜೆಯಲ್ಲ. ಮನೆಯಲ್ಲಿ ಯಾವುದರಿಂದ ಕೆಲಸ ನಡೆಯುತ್ತದೆಯೋ ಅದೆಲ್ಲದರದು. ಅವ್ವ ದೇವರ ಮುಂದೆ ಮಣೆ ಇಟ್ಟು, ಮೇಲೆ ಅರಿವೆ ಹಾಸಿ, ಪಾನಾ, ಇಕ್ಕಳ, ಸ್ಕ್ರೂಡ್ರೈವರ್, ತನ್ನ ಈಳಿಗೆ, ಕತ್ತರಿ, ನನ್ನ ಎರಡು ಪುಸ್ತಕ, ನನ್ನ ಪೆನ್ನು ಎಲ್ಲ ಜೋಡಿಸಿ ಕುಂಕುಮ ಹೂವು ಏರಿಸಿದಳು. ಆಮೇಲೆ ಕೆಳಗೆ ಬಂದು ಬಾನೆಟ್ ಎತ್ತಿಸಿ, ನಾನು ಬೇಡ ಬೇಡ ಎನ್ನುತ್ತಿದ್ದಂತೆಯೇ ಹೊಸ ಬಣ್ಣದ ಮೇಲೆ ಅಂಗೈಯಗಲ ಕುಂಕುಮ ಬಳಿದಳು. ಬಣ್ಣ ಇನ್ನೂ ತುಸು ಹಸಿ ಇತ್ತು. ಕುಂಕುಮ ಅಲ್ಲೇ ಕೂತಿತು.

ಊಟ ಮುಗಿಸಿ ಕೂತಿದ್ದೆವು. ತಂಗಿ ಹಗ್ಗದಿಂದ ಲಂಗೋಟಿಗಳನ್ನು ತೆಗೆದು ಮಡಚುತ್ತಿದ್ದಳು. ಅದನ್ನು ನೋಡುತ್ತಿದ್ದ ಹಾಗೆ ಆ ಹಗ್ಗದಿಂದ ನಾನು ಎಳೆದುಕೊಂಡು ಹೋದ ತುಂಡು ನೆನಪಾಯಿತು. ಇಂಜಿನ್ನಿನ ಮೇಲಿನ ಅರಿವೆಯನ್ನು ನಾನು ತೆಗೆದೆನೇ?

ಹೊದಿಸಿದ್ದು ಚೆನ್ನಾಗಿ ನೆನಪಿತ್ತು. ಕವರ್ ಇಟ್ಟದ್ದು ನೆನಪಿತ್ತು. ನಡುವಿನದು ಇರಲಿಲ್ಲ. ಎಷ್ಟು ಯೋಚಿಸಿದರೂ ಅಣ್ಣನ ಅವಸರದ ಮಾತೊಂದೇ ಕೇಳಿಸುತ್ತಿತ್ತು. ಅರಿವೆ ಒಳಗೇ ಉಳಿದಿದ್ದರೆ ನಾಳೆ ಆ ಉಕ್ಕಿನ ತೋಳುಗಳಿಗೆ ಸುತ್ತಿಕೊಳ್ಳುತ್ತದೆ, ಎಣ್ಣೆಯ ದಾರಿ ಕಟ್ಟುತ್ತದೆ. ಖಂಡಾಲಾ ಘಾಟಿನ ಅರ್ಧದಲ್ಲಿ, ಹಿಂದೆ ಲಾರಿಗಳ ಸಾಲು, ಒಳಗೆ ತಂಗಿಯ ತೊಡೆಯ ಮೇಲೆ ಕೂಸು, ಇಂಜಿನ್ ಹಿಡಿದುಕೊಂಡು ನಿಲ್ಲುತ್ತದೆ.

ಹೇಳಿದೆ. ಅಣ್ಣ ತಾಂಬೂಲ ಜಗಿಯುತ್ತಲೇ, "ತಗದಿ, ನಾ ನೋಡೇನಿ," ಎಂದ.

"ಯಾವಾಗ ನೋಡಿದಿ?"

"ಕೂಡಿಸೂ ಮುಂದ."

"ತಗದು ಎಲ್ಲಿಟ್ಟೆ?"

"ಅದನ್ನ ನೀನs ಹೇಳಬೇಕಪಾ."

"ಅಂದರ ನೀ ನೋಡಿಲ್ಲ. ತಗದಿರತಾನ ಅಂತ ಅನಕೊಂಡಿ. ಅದು ಬ್ಯಾರೆ, ನೋಡೂದು ಬ್ಯಾರೆ."

"ಪಾಠಾ ಕಾಲೇಜಿನಾಗ ಹೇಳು."

ತಂಗಿ ಲಂಗೋಟಿ ಎಣಿಸಿದಳು. ಒಂದು ಕಡಿಮೆ ಬಂತು. ಆದರೆ ಅದರಿಂದ ಏನೂ ತಿಳಿಯುವ ಹಾಗಿರಲಿಲ್ಲ, ಏಕೆಂದರೆ ಬಾಲ್ಕನಿಯ ಗಾಳಿಗೆ ದಿನಾ ಒಂದೆರಡು ಹಾರಿ ಕೆಳಗಿನವರ ತುಳಸಿಕಟ್ಟೆಯ ಮೇಲೆ ಬೀಳುತ್ತಿದ್ದವು. ಕೆಳಗಿನವರು ಉಡುಪಿ ಕಡೆಯವರು, ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸುತ್ತಿದ್ದರು. ಅವರ ಕಿಟಕಿ ಕಾರು ನಿಲ್ಲಿಸುವ ಜಾಗಕ್ಕೇ ತೆರೆಯುತ್ತಿತ್ತು. ಇಳಿದುಹೋಗಿ ಕೇಳಿದೆ.

"ನೀವು ಬಟ್ಟೆಯಲ್ಲಿ ಕೈ ಒರೆಸಿಕೊಂಡದ್ದು ನಾನೇ ನೋಡಿದ್ದೇನೆ ಮಾರಾಯ್ರೆ," ಎಂದರು.

"ಕವರ್ ಹಾಕುವ ಮೊದಲೋ, ಹಾಕಿದ ಮೇಲೋ?"

"ಅದು ಹೇಗೆ ಹೇಳುದು? ನಾನು ಚಾ ಕುಡೀತಾ ಇದ್ದೆ."

"ಯಾವ ಬಟ್ಟೆ? ಬಣ್ಣ ಹೇಗಿತ್ತು?"

"ಬಟ್ಟೆ ಅಂದ್ರೆ ಬಟ್ಟೆ. ನೀವೆಂತ, ಪೊಲೀಸರ ಹಾಗೆ ಕೇಳ್ತೀರಿ."

ಬಾನೆಟ್ ಎತ್ತಿ, ಕವರಿನ ಮೇಲಿನ ಎಣ್ಣೆ ಹಾಕುವ ತೂತಿನ ಬಿರಡೆ ತಿರುಗಿಸಿ ತೆಗೆದು, ಟಾರ್ಚ್ ಬಿಟ್ಟು ನೋಡಿದೆ. ಒಂದು ತೋಳಿನ ತುದಿ ಮಾತ್ರ ಕಂಡಿತು. ತಂಗಿಯ ಹೆಣಿಗೆಯ ಸೂಜಿ ತಂದು ಕೆದಕಿದೆ. ಏನೂ ಸಿಗಲಿಲ್ಲ. ಆದರೆ ಸೂಜಿ ಕವರಿನ ಆಚೆ ತುದಿಯವರೆಗೆ ಮುಟ್ಟುವುದಿಲ್ಲ. ಅರಿವೆ ಇದ್ದರೆ ಆ ತುದಿಯಲ್ಲೇ ಇರಬೇಕೆಂದು ಯಾಕೋ ಅನಿಸುತ್ತಿತ್ತು. ಕವರ್ ಬಿಚ್ಚದೆ ಗತಿಯಿಲ್ಲ ಎಂದು ಮೇಲೆ ಹೋಗಿ ಮಣೆಯ ಮೇಲಿನ ಪಾನಾಕ್ಕೆ ಕೈ ಹಾಕಿದೆ.

"ಮುಟ್ಟಬ್ಯಾಡ," ಎಂದಳು ಅವ್ವ.

"ಅವ್ವಾ, ಐದು ನಿಮಿಷ."

"ಪೂಜಿಗಿಟ್ಟ ಸಾಮಾನು ನಾಳೆ ತನಕಾ ಎತ್ತಂಗಿಲ್ಲ. ಇವತ್ತ ಅವು ಕೆಲಸಾ ಮಾಡಂಗಿಲ್ಲ."

"ಮತ್ತ ಸೂಜಿ ತಗೊಂಡು ಹೋದೆ, ಆಗ ಸುಮ್ಮನಿದ್ದಿ."

"ಸೂಜಿಗೆ ನಾ ಕುಂಕುಮ ಹಚ್ಚಿಲ್ಲ."

ಮತ್ತೆ ಇಳಿದು ಹೋಟೆಲಿನವರಿಗೆ ಅವರ ಸ್ಕೂಟರಿನ ಪಾನಾ ಕೇಳಿದೆ.

"ಪೂಜೆಗೆ ಇಟ್ಟಾಯ್ತಲ್ಲ. ಪಾನಾ ಎಂತ, ಹೋಟೆಲಿನ ರುಬ್ಬುವ ಕಲ್ಲಿಗೂ ಹೂ ಇಟ್ಟು ಬಂದಿದ್ದೇನೆ. ನಾಳೆ ಬೆಳಿಗ್ಗೆ ಇಡ್ಲಿಗೆ ಹಿಟ್ಟು ಎಲ್ಲಿಂದ ಅಂತ ನಾನೇ ತಲೆ ಕೆಡಿಸಿಕೊಂಡು ಕೂತಿದ್ದೇನೆ. ನೀವು ಬಟ್ಟೆ ಬಟ್ಟೆ ಅಂತೀರಿ."

ಬಿಲ್ಡಿಂಗಿನಲ್ಲಿ ಇನ್ನೂ ಮೂರು ಮನೆ ಕೇಳಿದೆ. ಇಡೀ ಮಲಾಡಿನಲ್ಲಿ ಆ ಮಧ್ಯಾಹ್ನ ಬಿಡುವಾಗಿರುವ ಒಂದು ಪಾನಾ ಇರಲಿಲ್ಲ. ಎಲ್ಲವೂ ಚೆಂಡುಹೂವಿನ ಕೆಳಗೆ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದವು. ಹಿಂದಿನ ಗಲ್ಲಿಯಲ್ಲಿ ಒಬ್ಬ ಕ್ರಿಶ್ಚಿಯನ್ ಮೆಕ್ಯಾನಿಕ್ ಇದ್ದಾನೆ, ಅವನದು ತರುತ್ತೇನೆ ಎಂದೆ.

"ಪಾನಾ ಅವರದಿದ್ದೀತು," ಎಂದಳು ಅವ್ವ. "ಗಾಡಿ ನಮ್ಮದು. ಗಾಡಿಗೂ ಪೂಜಿ ಆಗೇದ. ಇವತ್ತ ಅದರ ಒಂದು ನಟ್ಟೂ ತಿರಗಸಬಾರದು."

ಅಣ್ಣನಿಗೆ ಅವ್ವನ ಮಾತು ಅನುಕೂಲವಾಯಿತು. ಪೂಜೆಯ ಬಗ್ಗೆ ಅವನಿಗೆ ಅಂಥ ಶ್ರದ್ಧೆಯೇನೂ ಇರಲಿಲ್ಲ. ಅವನ ಚಿಂತೆ ಪ್ಯಾಕಿಂಗಿನದು. ಅಂಟು ಕುಡಿದ ಕಾರ್ಕು, ಬಿಚ್ಚಿದರೆ ಹರಿಯುತ್ತದೆ. ದಸರೆಗೆ ಅಂಗಡಿಗಳೆಲ್ಲ ಮುಚ್ಚಿವೆ. ಹರಿದರೆ ಎಣ್ಣೆ ಸೋರುತ್ತದೆ, ಹೊಸ ಬಣ್ಣದ ಮೇಲೆಲ್ಲ ಇಳಿಯುತ್ತದೆ, ಬೀಗರು ಬೆರಳು ಎಳೆಯುತ್ತಾರೆ. "ಇರಲಾರದ ಅರಿವಿ ಸಲುವಾಗಿ ಇರೂ ಪ್ಯಾಕಿಂಗ್ ಹಾಳ ಮಾಡಬ್ಯಾಡ," ಎಂದ.

"ಇಲ್ಲ ಅಂತ ನಿನಗ ಹೆಂಗ ಗೊತ್ತು?"

"ಅದ ಅಂತ ನಿನಗ ಹೆಂಗ ಗೊತ್ತು?"

ಇದೇ ಎರಡು ವಾಕ್ಯಗಳನ್ನು ನಾವು ಸಂಜೆಯ ಚಹಾದವರೆಗೆ ಒಬ್ಬರಿಗೊಬ್ಬರು ಹಿಂದಿರುಗಿಸುತ್ತ ಕೂತೆವು. ಕೂಸು ಅತ್ತಿತು, ಮಲಗಿತು, ಮತ್ತೆ ಎದ್ದಿತು. ತಂಗಿ ಅದನ್ನು ಹೆಗಲಿಗೆ ಹಾಕಿಕೊಂಡು ಬಂದು ನಡುವೆ ನಿಂತಳು.

"ನೋಡ್ರಿ ಇಬ್ಬರೂ. ಅದನ್ನ ತಗದು ನೋಡೂತನಕಾ ನನ್ನ ಕೂಸಿನ್ನ ನಾ ಆ ಗಾಡ್ಯಾಗ ಹತ್ತಸಂಗಿಲ್ಲ. ಪೂಜಿ ನಿಮ್ಮದು, ಅರಿವಿ ನಿಮ್ಮದು, ಮುದುಕನ ಬೆರಳೂ ನಿಮ್ಮದು. ಕೂಸು ನನ್ನದು."

"ನಾಳೆ ಹೋಗಲಿಲ್ಲಂದರ ನಿಮ್ಮತ್ತಿ ಏನಂತಾಳ?" ಎಂದಳು ಅವ್ವ.

"ಏನರ ಅನ್ನಲಿ. ಘಾಟಿನಾಗ ಕೂಸಿನ್ನ ಹಿಡಕೊಂಡು ನಿಲ್ಲಾಕಿ ನಾನು, ಆಕಿ ಅಲ್ಲ."

ಅವ್ವ ಎದ್ದು ಕೈಕಾಲು ತೊಳೆದುಕೊಂಡು ಬಂದು, ದೀಪಕ್ಕೆ ಎಣ್ಣೆ ಹಾಕಿ, ಮಣೆಯ ಮುಂದೆ ಕೂತು ಅಕ್ಷತೆ ಏರಿಸಿ, ಮಣೆಯನ್ನು ಒಂದು ಬೆರಳಷ್ಟು ಆಚೆ ಸರಿಸಿದಳು. ಮರುದಿನ ಮಾಡಿ ಸಾಮಾನನ್ನು ಕೆಲಸಕ್ಕೆ ಬಿಡಬೇಕಾದ ಉತ್ತರಪೂಜೆಯನ್ನು ಅವಳು ಹಿಂದಿನ ದಿನವೇ ಮುಗಿಸುತ್ತಿದ್ದಾಳೆ ಎಂಬುದು ನನಗೆ ತಡವಾಗಿ ತಿಳಿಯಿತು.

"ತಪ್ಪಾತು ಅಂತ ಬೇಡಿಕೊಂಡೇನಿ," ಎಂದಳು. "ನೀನೂ ಬೇಡಿಕೋ."

"ನಾ ಯಾಕ?"

"ಅರಿವಿ ಮರತವ ನೀನು."

"ಮರತೇನೋ ಇಲ್ಲೋ ಅದs ಗೊತ್ತಿಲ್ಲಲ್ಲ."

"ಅದನ್ನೂ ಸೇರಿಸಿ ಬೇಡಿಕೋ."

ಕೈ ಮುಗಿದೆನೋ ಇಲ್ಲವೋ, ಅದು ಬಿಡಿ. ಅವ್ವ ಹೂವು ತೆಗೆದು ಪಾನಾ ಎತ್ತಿ ನನ್ನ ಕೈಗೆ ಕೊಟ್ಟಳು. ಪಾನಾ ಇದ್ದ ಜಾಗದಲ್ಲಿ, ಮಣೆಯ ಮೇಲೆ ಹಾಸಿದ್ದ ಅರಿವೆಯ ಅಂಚು ಕಂಡಿತು. ಇಳಕಲ್ ಸೀರೆಯ ಅಂಚು. ಸೋಡಾದಲ್ಲಿ ಒಗೆದರೂ ಎಣ್ಣೆಯ ಕಂದು ಕಲೆ ಹೋಗಿರಲಿಲ್ಲ.

"ಇದೆಲ್ಲಿಂದ ಬಂತು?" ಎಂದೆ.

"ಸಾಮಾನಿನ ಡಬ್ಬಿಯೊಳಗಿತ್ತು. ಒಗದು ಹಾಸೇನಿ."

"ಮಧ್ಯಾಹ್ನದಿಂದ ಇದನ್ನs ಹುಡಕಲಿಕ್ಕತ್ತೇವಿ ಅವ್ವಾ."

"ನೀವು ಕೂಸಿನ ಅರಿವಿ ಅಂದ್ರಿ. ಎಣ್ಣಿ ಹತ್ತಿದ ಮ್ಯಾಲೆ ಇದು ಕೂಸಿನದು ಹೆಂಗಾಗತದ? ಇದು ಸಾಮಾನಿನ ಅರಿವಿ. ಅದಕ್ಕs ಸಾಮಾನಿನ ಜೋಡಿ ಪೂಜಿಗಿಟ್ಟೆ."

ಅವಳ ಮಟ್ಟಿಗೆ ಇದರಲ್ಲಿ ತಪ್ಪೇನೂ ಇರಲಿಲ್ಲ. ಮುಟ್ಟಬಾರದ ಸಾಮಾನಿನ ಕೆಳಗೇ ನಾವು ಹುಡುಕುತ್ತಿದ್ದ ವಸ್ತು ಮಲಗಿತ್ತು, ಅದಕ್ಕೂ ಎರಡೆಸಳು ಹೂವು ಏರಿತ್ತು. ಅಣ್ಣ ನಗತೊಡಗಿದ. ತಂಗಿ ಉಸಿರು ಬಿಟ್ಟು ಕೆಳಗೆ ಕೂತಳು. ಕಥೆ ಇಲ್ಲಿಗೆ ಮುಗಿಯಬೇಕಿತ್ತು, ನನ್ನಂಥವನು ಮನೆಯಲ್ಲಿ ಇಲ್ಲದಿದ್ದರೆ ಮುಗಿಯುತ್ತಿತ್ತು ಕೂಡ.

ನಾನು ಅರಿವೆಯನ್ನು ಎತ್ತಿ ಹಿಡಿದು ನೋಡಿದೆ. ಸಣ್ಣದಾಗಿತ್ತು. ಇಂಜಿನ್ನಿನ ಉದ್ದಕ್ಕೆ ಇದು ಸಾಲುತ್ತಿತ್ತೇ? ಕೈ ಒರೆಸಿಕೊಳ್ಳಲೆಂದು ಅದೇ ತುಂಡನ್ನು ನಾನು ಎರಡಾಗಿ ಹರಿದಿದ್ದೆನೇ? ಹರಿಯುವ ಸದ್ದು ಕಿವಿಯಲ್ಲಿತ್ತು. ಆದರೆ ಅವ್ವ ಸೀರೆ ಹರಿಯುವಾಗಲೂ ಅದೇ ಸದ್ದಾಗಿರುತ್ತದೆ.

"ಇದು ಅದs ಅರಿವಿ ಅಂತ ಏನ ಖಾತ್ರಿ?" ಎಂದೆ.

ಅಣ್ಣ ನಗು ನಿಲ್ಲಿಸಿದ. "ಇವನ್ನ ಯಾರರ ಹಿಡೀರಿ," ಎಂದ.

"ತಗೀಲಿ ಬಿಡು," ಎಂದಳು ಅವ್ವ. "ತಗದು ನೋಡಲಿಲ್ಲಂದರ ಪುಣೆ ಮುಟ್ಟೂತನಕಾ ಇದನ್ನs ಕೇಳತಾನ. ಹೆಂಗೂ ದೇವರಿಗೆ ಹೇಳೇನಿ, ಅದರ ಹೊಣಿ ನನ್ನದು."

ತಂಗಿಯೂ ಎದ್ದಳು. ಕೂಸನ್ನು ಅವ್ವನ ಕೈಗೆ ಕೊಟ್ಟು ನಮ್ಮ ಜೊತೆ ಇಳಿದುಬಂದಳು. ಕಾಂಪೌಂಡಿನಲ್ಲಿ ಆಗಷ್ಟೇ ಕತ್ತಲಾಗತೊಡಗಿತ್ತು. ನಟ್ಟು ಬಿಚ್ಚಿ ಕವರ್ ಎತ್ತಿದರೆ ಒಂದು ಮೂಲೆ ಮಾತ್ರ ಬಿಡಲಿಲ್ಲ. ಸ್ವಲ್ಪ ಮೀಟಿದೆ. ಪ್ಯಾಕಿಂಗ್ ಹರಿದ ಸದ್ದು ಮೂವರಿಗೂ ಕೇಳಿಸಿತು. ಒಳಗೆ ಎಣ್ಣೆಯಲ್ಲಿ ಹೊಳೆಯುತ್ತ ತೋಳುಗಳು ಸಾಲಾಗಿ ಕೂತಿದ್ದವು. ಅರಿವೆ ಇರಲಿಲ್ಲ, ನೂಲಿನ ಎಳೆಯೂ ಇರಲಿಲ್ಲ.

"ಆತೇನ ಸಮಾಧಾನ?" ಎಂದ ಅಣ್ಣ. ಹರಿದ ಮೂಲೆಗೆ ಬಟ್ಟೆ ಸಾಬೂನು ಮೆತ್ತಿ ಕವರ್ ಕೂಡಿಸಿದ.

ಮರುದಿನ ಬನ್ನಿ ಎಲೆ ಹಂಚಿಕೊಂಡು, ಗಾಲಿಯ ಕೆಳಗೆ ನಿಂಬೆಹಣ್ಣು ಒಡೆದು ಹೊರಟದ್ದಾಯಿತು. ಘಾಟಿನಲ್ಲಿ ಸಾಬೂನು ಕರಗಿ ಎಣ್ಣೆ ಜಿನುಗಿತು. ಬಿಸಿಗೆ ಹೊಸ ಬಣ್ಣ ಸುಟ್ಟ ವಾಸನೆ ಬಂತು. ನಿಲ್ಲಿಸಿ ಎಣ್ಣೆ ತುಂಬಿ ಮತ್ತೆ ಏರಿದೆವು. ಕೂಸು ದಾರಿಯುದ್ದಕ್ಕೂ ಮಲಗಿತ್ತು. ಪುಣೆಯಲ್ಲಿ ಬೀಗರು ಮೊಮ್ಮಗುವನ್ನು ನೋಡುವ ಮೊದಲೇ ಬಾನೆಟ್ ಎತ್ತಿಸಿದರು.

"ಬಣ್ಣ ಛಂದ ಅದ," ಎಂದರು. ಕುಂಕುಮ ಸುಟ್ಟು ಕಪ್ಪಾದ ಜಾಗವನ್ನು ನೋಡಿದರು, ಅಲ್ಲಿ ಬೆರಳು ಎಳೆಯಲಿಲ್ಲ. ಮೂಲೆಯಲ್ಲಿ ಎಳೆದರು. "ಪ್ಯಾಕಿಂಗ್ ಹೊಸಾದು ಕಾಣಸ್ತದ. ಹೊಸಾದು ಯಾಕ ಹರಕೊಂಡ್ರಿ?"

"ಒಳಗ ಏನರ ಬಿಟ್ಟೇವೇನೋ ಅಂತ ಅನುಮಾನ ಬಂತರಿ. ಬಿಚ್ಚಿ ನೋಡಿದ್ವಿ," ಎಂದ ಅಣ್ಣ, ನನ್ನ ಕಡೆ ನೋಡುತ್ತ.

"ಇತ್ತೇನು?"

"ಇರಲಿಲ್ಲ."

ಬೀಗರು, "ಸರಿಯಾಗಿ ನೋಡೀರೋ ಇಲ್ಲೋ, ನಾನೂ ಒಮ್ಮೆ ನೋಡಿಬಿಡತೀನಿ," ಎಂದು ಒಳಗಿನಿಂದ ಪಾನಾ ತರಿಸಿದರು.

ಈ ದೃಶ್ಯ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ನಾನು ಅಂದು ಪುಣೆಗೆ ಹೋಗಿಯೇ ಇರಲಿಲ್ಲ ಎಂದು ತಂಗಿ ಹೇಳುತ್ತಾಳೆ. ಹಿಂದಿನ ಸೀಟಿನಲ್ಲಿ ನಾನು ಕೂಡುವ ಜಾಗದಲ್ಲಿ ತೊಟ್ಟಿಲು ಇತ್ತಂತೆ. ಉಳಿದದ್ದೆಲ್ಲ ಅಣ್ಣ ಬಂದು ಹೇಳಿದ ಕಥೆಯಂತೆ. ಹಾಗಾದರೆ ತೊಟ್ಟಿಲಿನ ಗೂಟ ದಾರಿಯುದ್ದಕ್ಕೂ ನನ್ನ ಮೊಣಕಾಲಿಗೆ ಒತ್ತುತ್ತಿದ್ದದ್ದು ಯಾವ ಕಥೆ ಎಂದು ಕೇಳುತ್ತೇನೆ. ಅವಳು ನಗುತ್ತಾಳೆ.

ಇರಲಿ. ಪುಣೆಯದು ಬಿಟ್ಟುಕೊಟ್ಟೆ, ಬಣ್ಣದ್ದೂ ಬೇಕಾದರೆ ಬಿಟ್ಟುಕೊಡುತ್ತೇನೆ. ಆ ಸಂಜೆ ಮಲಾಡಿನಲ್ಲಿ ಕವರ್ ಎತ್ತಿ, ಬಾಗಿ, ಒಳಗೆ ಏನೂ ಇಲ್ಲವೆಂದು ನೋಡಿದವನಂತೂ ನಾನೇ ಎಂದು ಮೊನ್ನೆ ಫೋನಿನಲ್ಲಿ ಅವಳಿಗೆ ಹೇಳಿದೆ.

"ನೀ ಎಲ್ಲಿ ನೋಡಿದಿ?" ಎಂದಳು. "ಬಾಗಿ ನೋಡಿದಾಕಿ ನಾನು. ನನ್ನ ಕೂಸು ಹೋಗೂ ಗಾಡಿ ಅದು, ನಿನ್ನ ಕಣ್ಣಿನ ಮ್ಯಾಲೆ ಬಿಡತಿದ್ದೆನ? ನೀ ಟಾರ್ಚ್ ಹಿಡಕೊಂಡು ನಿಂತಿದ್ದಿ."